ಬೆಂದ ಅರಿಶಿನ, ಹುಳಿ ಹೂವು, ಹುಲಿಯ ಅನ್ನ

ಇಷ್ಟವಾದ ವಾಸನೆ ಯಾವುದು ಅಂತ ಹಾಸ್ಟೆಲ್‌ನಲ್ಲಿ ಯಾರನ್ನೇ ಕೇಳಿ, ಮಳೆ ಬಿದ್ದ ಮಣ್ಣು, ಪೆಟ್ರೋಲ್, ಹೊಸ ಪುಸ್ತಕ, ಈ ಮೂರರಲ್ಲಿ ಒಂದು ಉತ್ತರ ಬರುತ್ತೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಕೆಲವು ವಾಸನೆಗಳಿವೆ. ಅವು ಚೆನ್ನಾಗಿವೆಯೋ ಇಲ್ಲವೋ ಅನ್ನೋದು ಬೇರೆ ಮಾತು. ಅವುಗಳಿಂದ ಇಲ್ಲಿ ಕೆಲಸ ನಡೆಯುತ್ತೆ.

ಬೇಯುವ ಅರಿಶಿನ

ಅರಿಶಿನ ನಮ್ಮ ಕಡೆಯ ಮುಖ್ಯ ಬೆಳೆ. ಜನವರಿಯಿಂದ ಮಾರ್ಚ್ ಒಳಗೆ ಕಿತ್ತು, ತೊಳೆದು, ಬೇಯಿಸಿ, 10-15 ದಿನ ಬಿಸಿಲಲ್ಲಿ ಒಣಗಿಸುತ್ತಾರೆ. ಕೊಪ್ಪರಿಗೆಯಲ್ಲಿ ಬೇಯೋಕೆ 45ರಿಂದ 60 ನಿಮಿಷ ಬೇಕು. ಕಮ್ಮಿ ಬೆಂದರೆ ಒಣಗಿದ ಕೊಂಬು ಪುಡಿಯಾಗುತ್ತೆ, ಜಾಸ್ತಿ ಬೆಂದರೆ ಬಣ್ಣ ಕೆಡುತ್ತೆ. ಎರಡರಲ್ಲೂ ರೇಟು ಬೀಳುತ್ತೆ. ನೊರೆ ಬಂದು, ಬಿಳಿ ಹಬೆ ಎದ್ದು, ಅದರ ಜೊತೆ ಒಂದು ವಾಸನೆ ಬಂದರೆ ಹದ ಆಯ್ತು ಅಂತ ಅರ್ಥ. ಅದು ಅಡುಗೆಮನೆ ಡಬ್ಬದ ಅರಿಶಿನದ ವಾಸನೆ ಅಲ್ಲ. ಬೆಂದ ಗೆಣಸು, ಹಸಿ ಮಣ್ಣು, ಸ್ವಲ್ಪ ಕರ್ಪೂರ ಸೇರಿದ ಹಾಗಿರುತ್ತೆ.

ಅರಿಶಿನಕ್ಕೆ ಬಣ್ಣ ಕೊಡೋದು ಕರ್ಕ್ಯುಮಿನ್. ವಾಸನೆ ಬರೋದು ಟರ್ಮೆರೋನ್ ತರಹದ ಎಣ್ಣೆಯ ಅಂಶಗಳಿಂದ. ಇವು ಕುದಿಯೋಕೆ ನೀರಿಗಿಂತ ತುಂಬಾ ಜಾಸ್ತಿ ಶಾಖ ಬೇಕು, ಆದರೂ ಹಬೆಯ ಜೊತೆ ಮೇಲೆ ಬಂದುಬಿಡುತ್ತವೆ. ನಾವು ಲ್ಯಾಬ್‌ನಲ್ಲಿ ಓದುವ ಸ್ಟೀಮ್ ಡಿಸ್ಟಿಲೇಷನ್ ಇದೇ.

2021ರಲ್ಲಿ ಕೋವಿಡ್ ಆದ ಮೇಲೆ ನಮ್ಮ ತಾತನಿಗೆ ವಾಸನೆ ಗೊತ್ತಾಗೋದು ನಿಂತುಹೋಯ್ತು. ಎಷ್ಟೋ ಜನಕ್ಕೆ ಕೆಲವು ವಾರದಲ್ಲಿ ವಾಪಸ್ ಬಂತು, ತಾತನಿಗೆ ಬರಲಿಲ್ಲ. ಮುಂದಿನ ಸುಗ್ಗಿಯಲ್ಲಿ ನನ್ನನ್ನ ಕೊಪ್ಪರಿಗೆ ಪಕ್ಕ ನಿಲ್ಲಿಸಿಕೊಂಡು, "ಬಂತಾ ಮಗ?" ಅಂತ ಐದೈದು ನಿಮಿಷಕ್ಕೂ ಕೇಳೋರು. "ಬಂತು ತಾತ" ಅಂದರೂ ಒಂದು ಕೊಂಬಿಗೆ ಕಡ್ಡಿ ಚುಚ್ಚಿ ನೋಡೋರು. ಮೂರನೇ ದಿನ ಕಡ್ಡಿ ಮುಟ್ಟಲಿಲ್ಲ. ನಾನು ಹೇಳಿದ ತಕ್ಷಣ ಬೆಂಕಿ ಎಳೆಸಿದರು.

ಹುಳಿ ಹೂವು

ಜುಲೈ-ಆಗಸ್ಟ್‌ನಲ್ಲಿ ಗುಂಡ್ಲುಪೇಟೆ ರಸ್ತೆ ಪಕ್ಕ ಚೆಂಡು ಹೂವಿನ ಹೊಲಗಳಲ್ಲಿ ಫೋಟೊ ತೆಗೆಯೋರು ತುಂಬಾ ಜನ. ಆ ಹೂವು ಹೆಚ್ಚಾಗಿ ಹೋಗೋದು ಮಾಲೆಗಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ. ಅದರಲ್ಲಿರುವ ಲೂಟೀನ್ ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿಗೆ ಬಣ್ಣ ಕೊಡುತ್ತೆ. ಒಣಗಿಸುವ ಮೊದಲು ಹೂವನ್ನ ಒತ್ತಿ, ಗಾಳಿ ಆಡದ ಹಾಗೆ ಮುಚ್ಚಿ ಹುದುಗು ಬರಿಸುತ್ತಾರೆ. ಮೊಸರಾಗೋಕೆ ಬೇಕಾದ ಜಾತಿಯ ಬ್ಯಾಕ್ಟೀರಿಯಾಗಳೇ ಇಲ್ಲೂ ಕೆಲಸ ಮಾಡೋದು. ಹುಳಿ ವಾಸನೆ ಬಂದರೆ ಸರಿಯಾಗಿದೆ, ಕೊಳೆತ ವಾಸನೆ ಬಂದರೆ ಗಾಳಿ ನುಗ್ಗಿದೆ ಅಂತ.

ಹುಲಿಯ ಅನ್ನ

ಬಂಡೀಪುರದ ಕಾಡಂಚಲ್ಲಿ ದನ ಮೇಯಿಸುವ ನಮ್ಮ ಮಾವ, ಪೊದೆಯ ಹತ್ತಿರ ಘಮ್ಮಂತ ಬಾಸ್ಮತಿ ಅನ್ನದ ವಾಸನೆ ಬಂದರೆ ಮಾತಾಡದೆ ದನ ತಿರುಗಿಸ್ತಾರೆ. ಕಾಡಲ್ಲಿ ಯಾರೂ ಅನ್ನ ಮಾಡಿರಲ್ಲ. ಹುಲಿ ತನ್ನ ಜಾಗ ಗುರುತು ಮಾಡೋಕೆ ಮರ, ಪೊದೆಗಳಿಗೆ ಸಿಂಪಡಿಸುವ ದ್ರವದಲ್ಲಿ 2-ಅಸಿಟೈಲ್-1-ಪಿರೋಲಿನ್ ಇರುತ್ತೆ. ಬಾಸ್ಮತಿಗೆ ಘಮ ಕೊಡೋದೂ ಅದೇ. ಆರ್. ಎಲ್. ಬ್ರಹ್ಮಚಾರಿ ಮತ್ತು ಅವರ ಜೊತೆಗಾರರು 1990ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನ ಬರೆದರು. ನೀರಿನ ಸಾವಿರ ಕೋಟಿ ಭಾಗದಲ್ಲಿ ಒಂದು ಭಾಗ ಇದ್ದರೂ ನಮ್ಮ ಮೂಗಿಗೆ ಇದು ಸಿಗುತ್ತೆ. ದ್ರವದಲ್ಲಿರುವ ಕೊಬ್ಬು ವಾಸನೆಯನ್ನ ಬೇಗ ಹಾರಿಹೋಗೋಕೆ ಬಿಡಲ್ಲ. ಹುಲಿ ಕಣ್ಣಿಗೆ ಬೀಳೋ ಮುಂಚೆ ಮೂಗಿಗೆ ಸುದ್ದಿ ಬಂದಿರುತ್ತೆ.

ಎಲೆಕ್ಟ್ರಾನಿಕ್ ಮೂಗು ಮಾಡೋ ಪ್ರಾಜೆಕ್ಟ್ ಬಗ್ಗೆ ನಮ್ಮ ಬ್ಯಾಚಲ್ಲಿ ಮಾತಾಡ್ತಾ ಇರ್ತೀವಿ. ಗ್ಯಾಸ್ ಸೆನ್ಸರ್ ಅಂಗಡಿಯಲ್ಲಿ ಸಿಗುತ್ತೆ. ಆದರೆ ಅದಕ್ಕೆ "ಇದೇ ಹದ" ಅಂತ ಕಲಿಸೋಕೆ ಮೊದಲು ಹದ ಗೊತ್ತಿರೋ ಒಂದು ಮೂಗು ಬೇಕು. ವಾಸನೆಯನ್ನ ಫೋಟೊ ತೆಗೆದು ಇಡೋಕಾಗಲ್ಲ, ಗೊತ್ತಿರೋರ ಪಕ್ಕ ನಿಂತೇ ಕಲೀಬೇಕು. ನಿಮ್ಮ ಮನೆಯ ಹಿರಿಯರು ಯಾವ ಕೆಲಸವನ್ನ ಮೂಗಿಂದ ಮಾಡ್ತಾರೆ? ಈ ರಜೆಗೆ ಊರಿಗೆ ಹೋದಾಗ ಕೇಳಿ, ಅವರ ಪಕ್ಕ ನಿಂತು ನೋಡಿ.