ನೆಲ ನಡುಗಿದ್ದಕ್ಕೆ ಲೇಖನಿಯ ಸಾಕ್ಷಿ

ಭಾರತದಲ್ಲಿ ಭೂಕಂಪಮಾಪಕ ಯಂತ್ರ ಕೆಲಸ ಆರಂಭಿಸಿದ್ದು 1898ರಲ್ಲಿ, ಕಲ್ಕತ್ತೆಯ ಅಲಿಪುರದಲ್ಲಿ. ಆದರೆ ಒಂದೇ ಪ್ರದೇಶದಲ್ಲಿ ದೊಡ್ಡ ಭೂಕಂಪ ಮರುಕಳಿಸಲು ಹಲವು ಶತಮಾನಗಳೇ ಹಿಡಿಯಬಹುದು. ಹಾಗಾದರೆ ಯಂತ್ರವಿಲ್ಲದ ಕಾಲದ ಕಂಪನಗಳನ್ನು ತಿಳಿಯುವುದು ಹೇಗೆ? ಅದಕ್ಕೆ ಹಳೆಯ ಚರಿತ್ರೆಕಾರರೇ ಆಧಾರ.

ಇಂಥ ಒಂದು ಸಾಕ್ಷ್ಯ ಕನ್ನಡ ನಾಡಿನಲ್ಲೇ ಇದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಬಿಜಾಪುರದಲ್ಲಿದ್ದ ಫಿರಿಷ್ತಾ 17ನೆಯ ಶತಮಾನದ ಆರಂಭದಲ್ಲಿ ಪಾರಸಿ ಭಾಷೆಯಲ್ಲಿ ಹಿಂದೂಸ್ಥಾನದ ಚರಿತ್ರೆ ಬರೆದ. ಹಿಜರಿ 911ರ ಸಫರ್ ತಿಂಗಳ 3ನೆಯ ದಿನ, ಭಾನುವಾರ, ಆಗ್ರಾದಲ್ಲಿ ನೆಲ ನಡುಗಿ ಎತ್ತರದ ಕಟ್ಟಡಗಳು ಉರುಳಿದವು, ಸಾವಿರಾರು ಜನ ಸತ್ತರು ಎಂದು ಅದರಲ್ಲಿದೆ. ಆ ದಿನ 1505ರ ಜುಲೈ 6. ಲೆಕ್ಕ ಹಾಕಿ ನೋಡಿದರೆ ಅಂದು ಭಾನುವಾರವೇ! ತಿಥಿಯೂ ವಾರವೂ ಕೂಡಿಬರುವುದರಿಂದ ಈ ಮಾತಿಗೆ ತೂಕ ಹೆಚ್ಚು.

ಆದರೂ ಫಿರಿಷ್ತಾ ಬರೆದದ್ದು ನೂರು ವರ್ಷಗಳ ಬಳಿಕ. ಅದೇ ಸುಮಾರಿಗೆ ಕಾಬೂಲಿನಲ್ಲಿದ್ದ ಬಾಬರ್, ಒಂದೇ ದಿನ ನೆಲ 33 ಸಲ ಅದುರಿದ್ದನ್ನು ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಟಿಬೆಟ್ಟಿನ ಬರಹಗಳು ಅದಕ್ಕೆ ಒಂದು ತಿಂಗಳು ಮೊದಲು, ಜೂನ್ 6ರಂದು, ಹಿಮಾಲಯದಲ್ಲಾದ ಮಹಾಕಂಪವನ್ನು ಹೇಳುತ್ತವೆ. ಆಗ್ರಾವನ್ನು ಕೆಡವಿದ್ದು ಇವುಗಳಲ್ಲಿ ಯಾವುದು? ಒಂದೇ ಗ್ರಂಥವನ್ನು ನೆಚ್ಚಿದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಊರಿನ ಹೆಸರೂ ಮೋಸ ಮಾಡಬಲ್ಲದು. 893ರ ಡಿಸೆಂಬರಿನಲ್ಲಿ 'ದಬೀಲ್' ಎಂಬ ನಗರ ಭೂಕಂಪದಿಂದ ನೆಲಸಮವಾಗಿ ಒಂದೂವರೆ ಲಕ್ಷ ಜನ ಸತ್ತರೆಂದು ಅರಬ್ಬಿ ಚರಿತ್ರೆಕಾರ ಅಲ್ ತಬರಿ ಬರೆದಿದ್ದಾನೆ. ಸಿಂಧ್‌ನ ಬಂದರು 'ದೈಬುಲ್'. ಅರಬ್ಬಿ ಲಿಪಿಯಲ್ಲಿ ಎರಡು ಹೆಸರುಗಳ ರೇಖೆಯೂ ಒಂದೇ. ವ್ಯತ್ಯಾಸ ಅಕ್ಷರಗಳ ಕೆಳಗಿನ ಚುಕ್ಕೆಗಳಲ್ಲಿ ಮಾತ್ರ. ಹೀಗಾಗಿ ಈ ದುರಂತ ಭಾರತದ ಭೂಕಂಪಗಳ ಪಟ್ಟಿಗೆ ಸೇರಿಕೊಂಡಿತು. ನಿಜವಾಗಿ ಹಾಳಾದದ್ದು ಅರ್ಮೇನಿಯದ ದ್ವಿನ್ ನಗರ. ಅರಬ್ಬರು ಅದನ್ನೇ ದಬೀಲ್ ಎನ್ನುತ್ತಿದ್ದರು. ಅಲ್ಲಿನ ಚರಿತ್ರೆಕಾರರೂ ಈ ಅನಾಹುತವನ್ನು ಬರೆದಿಟ್ಟದ್ದರಿಂದ ತಪ್ಪು ಬಯಲಾಯಿತು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರುಣಿಸುವ ಕೃಷ್ಣರಾಜಸಾಗರದಂಥ ಅಣೆಕಟ್ಟು ಎಂಥ ಕಂಪನವನ್ನು ತಾಳಬೇಕೆಂದು ತಿಳಿಯಲು ಹಿಂದಿನ ಭೂಕಂಪಗಳ ಪಟ್ಟಿ ಬೇಕೇ ಬೇಕು. ನಡೆದದ್ದೊಂದು ಬಿಟ್ಟುಹೋದರೆ ಅಪಾಯ ಕಡಿಮೆಯೆನಿಸುತ್ತದೆ; ನಡೆಯದ್ದೊಂದು ಸೇರಿಕೊಂಡರೆ ಇಲ್ಲದ ಭಯ ಹುಟ್ಟುತ್ತದೆ. ಹಳೆಯ ಗ್ರಂಥದ ಒಂದು ಚುಕ್ಕೆಯನ್ನೂ ಎಚ್ಚರದಿಂದ ಓದಬೇಕಾದದ್ದು ಇದಕ್ಕಾಗಿಯೇ.