ಜಲ್ಲಿಯಾಗಬೇಕಿದ್ದ ನೀಲಿ ಹರಳು

ಪುಣೆಯಿಂದ ಅಹ್ಮದ್‌ನಗರದ (ಈಗಿನ ಅಹಿಲ್ಯಾನಗರ) ಕಡೆ ಹೋಗುವ ಹೆದ್ದಾರಿಯಲ್ಲಿ ಹದಿನೈದಿಪ್ಪತ್ತು ಕಿಲೋಮೀಟರ್ ಸಾಗಿದರೆ ವಾಘೋಲಿ ಸಿಗುತ್ತದೆ. 2021ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದ ಊರು ಇದು. ಈಗ ಅಲ್ಲಿ ಕಣ್ಣಿಗೆ ಬೀಳುವುದು ಅಪಾರ್ಟ್‌ಮೆಂಟುಗಳ ಸಾಲು, ಕಾಲೇಜುಗಳು, ಮುಗಿಯದ ಟ್ರಾಫಿಕ್ಕು. ಪುಣೆಯವರಿಗೆ ವಾಘೋಲಿ ಎಂದರೆ ಸ್ವಲ್ಪ ಕಡಿಮೆ ಬೆಲೆಗೆ ಫ್ಲಾಟ್ ಸಿಗುವ ಜಾಗ. ಆದರೆ ಅಮೆರಿಕದ ಟೂಸಾನ್‌ನಲ್ಲೋ ಜರ್ಮನಿಯ ಮ್ಯೂನಿಕ್‌ನಲ್ಲೋ ನಡೆಯುವ ಖನಿಜ ಮೇಳಕ್ಕೆ ಹೋಗಿ ಈ ಹೆಸರು ಹೇಳಿ ನೋಡಿ. ವ್ಯಾಪಾರಿ ಮರುಮಾತಾಡದೆ ಗಾಜಿನ ಕಪಾಟಿನಿಂದ ಒಂದು ಕಲ್ಲು ತೆಗೆದು ನಿಮ್ಮ ಮುಂದಿಡುತ್ತಾನೆ. ಬಿಳಿ ಹರಳುಗಳ ಹಾಸಿನ ಮೇಲೆ ಕಣ್ಣು ಕೋರೈಸುವ ನೀಲಿ ಉಂಡೆ. ಅದರ ಹೆಸರು ಕ್ಯಾವನ್ಸೈಟ್.

ಜಗತ್ತಿನ ಒಳ್ಳೆಯ ಕ್ಯಾವನ್ಸೈಟ್ ಹೆಚ್ಚುಕಡಿಮೆ ಎಲ್ಲವೂ ಬಂದಿರುವುದು ಈ ಒಂದು ಊರಿನ ಕಲ್ಲುಕ್ವಾರಿಗಳಿಂದ. ಹಾಗಿದ್ದರೂ ಈ ಖನಿಜ ಮೊದಲು ಪತ್ತೆಯಾದದ್ದು ಇಲ್ಲಲ್ಲ, ಅರ್ಧ ಭೂಮಿ ದಾಟಿದ ಮೇಲೆ ಸಿಗುವ ಆರೆಗನ್ ರಾಜ್ಯದಲ್ಲಿ.

ಅಮೆರಿಕದ ಪಶ್ಚಿಮಕ್ಕಿರುವ ಆರೆಗನ್ ಕೂಡ ಪುಣೆ ಸೀಮೆಯಂತೆ ಲಾವಾರಸದ ನಾಡೇ. 1960ರ ದಶಕದಲ್ಲಿ ಆ ರಾಜ್ಯದ ಪೂರ್ವದಂಚಿನ ಒವೈಹಿ ಅಣೆಕಟ್ಟೆಯ ಬಳಿ ಮತ್ತು ವಾಯವ್ಯಕ್ಕಿರುವ ಗೋಬಲ್ ಎಂಬ ಊರಿನ ಕಲ್ಲುಕ್ವಾರಿಯಲ್ಲಿ ಹಸಿರು ಮಿಶ್ರಿತ ನೀಲಿಯ ಸಣ್ಣ ಸಣ್ಣ ಹರಳುಗಳು ಕಂಡವು. ಗೊತ್ತಿದ್ದ ಯಾವ ಖನಿಜಕ್ಕೂ ಅವು ತಾಳೆಯಾಗಲಿಲ್ಲ. ಆರೆಗನ್ ವಿಶ್ವವಿದ್ಯಾಲಯದ ಲಾಯ್ಡ್ ಸ್ಟೇಪಲ್ಸ್ ಅವುಗಳ ಬೆನ್ನು ಹತ್ತಿದರು. ಹರಳಿನ ಒಳಗೆ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು ಹೊವಾರ್ಡ್ ಇವಾನ್ಸ್ ಎಕ್ಸ್‌ರೇ ಹಾಯಿಸಿ ಬಿಡಿಸಿದರು. 1973ರಲ್ಲಿ ‘ಅಮೆರಿಕನ್ ಮಿನರಾಲಜಿಸ್ಟ್’ ಪತ್ರಿಕೆಯಲ್ಲಿ ಸ್ಟೇಪಲ್ಸ್, ಇವಾನ್ಸ್ ಮತ್ತು ಲಿಂಡ್ಸೆ ಎಂಬ ಮೂವರ ಹೆಸರಿನಲ್ಲಿ ಪ್ರಬಂಧ ಅಚ್ಚಾಯಿತು. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್ ಮೂರೂ ಇರುವ ಖನಿಜವಾದ್ದರಿಂದ ಮೂರರ ಮೊದಲಕ್ಷರಗಳನ್ನು ಕೂಡಿಸಿ ಕ್ಯಾವನ್ಸೈಟ್ ಎಂದು ಹೆಸರಿಟ್ಟರು.

ಆ ಪ್ರಬಂಧದಲ್ಲಿ ಇದ್ದದ್ದು ಒಂದಲ್ಲ, ಎರಡು ಖನಿಜ. ಅದೇ ಧಾತುಗಳು, ಅದೇ ಪ್ರಮಾಣ, ಅದೇ ನೀಲಿ. ಒಳಗಿನ ಕಟ್ಟಣೆ ಮಾತ್ರ ಬೇರೆ. ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಕಟ್ಟಿದ ಉಂಗುರಗಳ ಹಾಳೆಗಳು ಎರಡರಲ್ಲೂ ಇವೆ. ಕ್ಯಾವನ್ಸೈಟ್‌ನ ಉಂಗುರಗಳಲ್ಲಿ ನಾಲ್ಕು ಮತ್ತು ಎಂಟು ಕೊಂಡಿಗಳು, ಇನ್ನೊಂದರಲ್ಲಿ ಆರು. ಆ ಇನ್ನೊಂದರ ಹರಳುಗಳು ಐದೈದು ಒಂದಕ್ಕೊಂದು ಬೆಸೆದುಕೊಂಡು ಅಡ್ಡಕೊಯ್ತದಲ್ಲಿ ಐದು ಮೂಲೆಯ ನಕ್ಷತ್ರದಂತೆ ಕಾಣುತ್ತಿದ್ದವು. ಅದಕ್ಕೆ ಪೆಂಟಗೊನೈಟ್ ಎಂದು ಹೆಸರಾಯಿತು. ವಿಜ್ಞಾನಿಗಳಿಗೆ ಇದು ಹಬ್ಬ. ಸಂಗ್ರಾಹಕರಿಗೆ ಮಾತ್ರ ಹೇಳಿಕೊಳ್ಳುವಂಥ ಸರಕು ಸಿಗಲಿಲ್ಲ. ಹರಳುಗಳು ತೀರಾ ಚಿಕ್ಕವು, ಸಿಕ್ಕಿದ್ದೂ ಅಷ್ಟಕ್ಕಷ್ಟೆ. ಕಪಾಟಿನಲ್ಲಿಟ್ಟು ಮೆರೆಸುವ ಕಲ್ಲು ಅದಾಗಿರಲಿಲ್ಲ.

ಈಗ ದಖ್ಖನಿಗೆ ಬರೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿಯ ನೆಲ ಬಿರಿದು ಲಾವಾರಸ ಅಲೆಯ ಮೇಲೆ ಅಲೆಯಾಗಿ ಹರಿಯಿತು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಆ ಕರಿಕಲ್ಲಿನ ಹೊದಿಕೆಯ ದಕ್ಷಿಣದ ಸೆರಗು ನಮ್ಮಲ್ಲಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಎರೆಮಣ್ಣು ಈ ಕಲ್ಲು ಕರಗಿ ಆದದ್ದು. ಗೋಲಗುಮ್ಮಟ ಎದ್ದು ನಿಂತಿರುವುದೂ ಇದೇ ಕಲ್ಲಿನಲ್ಲಿ. ಲಾವಾ ಆರುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಮೇಲೇಳುತ್ತದೆ. ಕಲ್ಲು ಗಟ್ಟಿಯಾದಾಗ ಗುಳ್ಳೆಗಳು ಪೊಟರೆಗಳಾಗಿ ಉಳಿದುಬಿಡುತ್ತವೆ. ಬಹುಕಾಲದ ಮೇಲೆ ಬಿಸಿನೀರು ಬಿರುಕುಗಳಲ್ಲಿ ಇಳಿದು, ಕಲ್ಲಿನಿಂದ ಕ್ಯಾಲ್ಸಿಯಂ, ಸೋಡಿಯಂ, ಸಿಲಿಕಾಗಳನ್ನು ಕರಗಿಸಿ ತಂದು ಆ ಪೊಟರೆಗಳ ಗೋಡೆಗೆ ಹರಳುಗಳಾಗಿ ಕೂರಿಸುತ್ತದೆ. ಸ್ಟಿಲ್‌ಬೈಟ್, ಹ್ಯೂಲಂಡೈಟ್, ಸ್ಕೊಲಿಸೈಟ್ ಹುಟ್ಟಿದ್ದು ಹೀಗೆ. ಕಾಯಿಸಿದರೆ ಒಳಗಿನ ನೀರನ್ನು ಬಿಟ್ಟುಕೊಡುವ ಈ ಬಳಗಕ್ಕೆ ಜಿಯೊಲೈಟ್ ಎನ್ನುತ್ತಾರೆ. ಇವುಗಳ ಜೊತೆಗೇ ಸಿಗುವ ಅಪೊಫಿಲೈಟ್ ಈ ಬಳಗದ್ದಲ್ಲ, ಆದರೆ ಚೆಲುವಿನಲ್ಲಿ ಯಾವುದಕ್ಕೂ ಕಡಿಮೆಯಿಲ್ಲ.

ದಖ್ಖನಿನ ಹರಳುಗಳು ಲೋಕಕ್ಕೆ ತಿಳಿದದ್ದು ಹರಳು ಹುಡುಕುವವರಿಂದ ಅಲ್ಲ, ಬೇರೇನನ್ನೋ ಕಟ್ಟಲು ನೆಲ ಅಗೆದವರಿಂದ. ಮುಂಬಯಿಯಿಂದ ಪುಣೆಗೆ ರೈಲು ಹತ್ತಿಸಲು 1856ರಲ್ಲಿ ಭೋರ್ ಘಾಟ್ ಕಡಿಯಲು ಶುರುಮಾಡಿದರು; 1863ರಲ್ಲಿ ದಾರಿ ತೆರೆಯಿತು. ಸಾವಿರಾರು ಕೂಲಿಗಳು 25 ಸುರಂಗ ಕೊರೆದರು. ಬಂಡೆ ಸಿಡಿದಲ್ಲೆಲ್ಲ ಹರಳು ತುಂಬಿದ ಪೊಟರೆಗಳು ಬಾಯಿ ತೆರೆದವು. ಅಲ್ಲಿಯ ಅಪೊಫಿಲೈಟ್, ಸ್ಟಿಲ್‌ಬೈಟ್‌ಗಳು ಹಡಗೇರಿ ಯುರೋಪಿನ ಸಂಗ್ರಹಾಲಯ ಸೇರಿದವು. ಆಮೇಲಿನ ಕತೆಯೂ ಇದೇ. 2001ರ ಸುಮಾರಿಗೆ ಅಹ್ಮದ್‌ನಗರ ಜಿಲ್ಲೆಯ ರಾಹುರಿ ಬಳಿ ನೀರಿಗಾಗಿ ಬಾವಿ ತೋಡಿದವರಿಗೆ ಹಸಿರು ಅಪೊಫಿಲೈಟ್‌ನ ಗುಂಡನೆಯ ಗೊಂಚಲುಗಳು ಸಿಕ್ಕವು. ಸಂಗ್ರಾಹಕರು ಅವಕ್ಕೆ ‘ಡಿಸ್ಕೋ ಬಾಲ್’ ಎಂದೇ ಹೆಸರಿಟ್ಟು ಮುಗಿಬಿದ್ದರು. ರೈಲು, ರಸ್ತೆ, ಬಾವಿ, ಕ್ವಾರಿ: ಇವು ನಾಲ್ಕು ಇಲ್ಲದಿದ್ದರೆ ದಖ್ಖನಿನ ಹರಳಿನ ವ್ಯಾಪಾರವೇ ಇಲ್ಲ.

ವಾಘೋಲಿಯದೂ ಹಾಗೆಯೇ ಆಯಿತು. ಪುಣೆ ಬೆಳೆಯುತ್ತಿತ್ತು, ಬೆಳೆಯುವ ನಗರಕ್ಕೆ ಜಲ್ಲಿ ಬೇಕು. ಹೆದ್ದಾರಿಯ ಆಚೀಚೆ ಗುಡ್ಡ ಕಡಿದು ಕ್ವಾರಿಗಳು ಬಾಯಿ ಬಿಟ್ಟವು, ಪಕ್ಕದಲ್ಲೇ ಕ್ರಷರ್‌ಗಳು ಕೂತವು. ಪುಣೆ ಸುತ್ತಲ ಕಲ್ಲಿನಲ್ಲಿ ಕ್ಯಾವನ್ಸೈಟ್ ಇರುವ ಸುಳಿವು 1970ರ ದಶಕದಲ್ಲೇ ಸಿಕ್ಕಿತ್ತು. ಆದರೆ ಅದೊಂದು ಅಪರೂಪದ ಸುದ್ದಿಯಾಗಿ ಉಳಿದಿತ್ತು, ಅಷ್ಟೆ. 1980ರ ದಶಕದ ಕೊನೆಗೆ ವಾಘೋಲಿಯಲ್ಲಿ ಚಿತ್ರವೇ ಬದಲಾಯಿತು. ಅಲ್ಲಿ ನೀಲಿ ಸಿಕ್ಕಿದ್ದು ಕ್ರಷರ್ ಬಯಸುವ ಗಟ್ಟಿ ಕರಿಕಲ್ಲಿನಲ್ಲಲ್ಲ. ಹಳೆಯ ಬಂಡೆ ಚೂರುಚೂರಾಗಿ ಮತ್ತೆ ಅಂಟಿಕೊಂಡಂತಿರುವ, ಸಂದುಗೊಂದುಗಳು ತುಂಬಿದ ಪದರದಲ್ಲಿ. ಜಲ್ಲಿಯ ಲೆಕ್ಕದಲ್ಲಿ ಅದು ಎರಡನೆಯ ದರ್ಜೆಯ ಕಲ್ಲು. ಆ ಸಂದುಗಳಲ್ಲಿ ಬಿಳಿ ಸ್ಟಿಲ್‌ಬೈಟ್, ಹ್ಯೂಲಂಡೈಟ್ ಮೊದಲು ಬೆಳೆದಿದ್ದವು. ಅವುಗಳ ಮೇಲೆ ವನೇಡಿಯಂ ಹೊತ್ತ ನೀರು ಬಂದು ನೀಲಿಯನ್ನು ಇಳಿಸಿತ್ತು. ಆರೆಗನ್‌ನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕಿದ್ದ ಖನಿಜ ಇಲ್ಲಿ ಕಡಲೆಕಾಳಿನಷ್ಟು, ಒಮ್ಮೊಮ್ಮೆ ನೆಲ್ಲಿಕಾಯಿಯಷ್ಟು ದಪ್ಪದ ಉಂಡೆಗಳಾಗಿ ಕುಳಿತಿತ್ತು.

ಒಂದು ಉಂಡೆಯನ್ನು ಹತ್ತಿರದಿಂದ ನೋಡಬೇಕು. ದೂರಕ್ಕೆ ನುಣುಪಾದ ಗೋಲಿ ಅನ್ನಿಸಿದ್ದು ಕಣ್ಣ ಬಳಿ ತಂದರೆ ಕದಂಬದ ಹೂವಾಗುತ್ತದೆ. ನಡುವಿನ ಒಂದೇ ಬಿಂದುವಿನಿಂದ ನೂರಾರು ಚೂಪು ಹರಳುಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಒಂದೊಂದರ ತುದಿಯೂ ಬೆಳಕಿಗೆ ಬೇರೆ ಬೇರೆಯಾಗಿ ಮಿನುಗುತ್ತದೆ. ಒಡೆದ ಉಂಡೆಯಾದರೆ ಒಳಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಎಳೆಗಳು. ಬಣ್ಣ ಹೊರಗಿನಿಂದ ಬಂದದ್ದಲ್ಲ, ಹರಳಿನ ಕಟ್ಟಣೆಯಲ್ಲೇ ಇರುವ ವನೇಡಿಯಂನದು. ಹಾಗಾಗಿ ಪುಡಿ ಮಾಡಿದರೂ ನೀಲಿ ಉಳಿಯುತ್ತದೆ. ಗಡಸುತನ ಮಾತ್ರ ತೀರಾ ಕಡಿಮೆ. ಹತ್ತರ ಅಳತೆಯಲ್ಲಿ ಮೂರರಿಂದ ನಾಲ್ಕು. ಚಾಕುವಿನ ಮೊನೆ ತಾಕಿದರೆ ಗೀರು ಬೀಳುತ್ತದೆ. ಉಂಗುರಕ್ಕೋ ಸರಕ್ಕೋ ಒಗ್ಗುವ ಕಲ್ಲಲ್ಲ ಇದು. ಇದರ ಬೆಲೆಯೆಲ್ಲ ಇದು ಬೆಳೆದ ಹಾಗೆಯೇ, ಮುಕ್ಕಾಗದೆ, ತಾನು ಕೂತ ಕಲ್ಲಿನ ಸಮೇತ ಹೊರಬಂದದ್ದರಲ್ಲಿದೆ.

ಹಾಗೆ ಹೊರತರುವುದೇ ಒಂದು ಕಸುಬು. ಮದ್ದು ಸಿಡಿಸಿದಾಗ ಬಹುಪಾಲು ಹರಳು ಅಲ್ಲೇ ಪುಡಿಯಾಗುತ್ತದೆ. ಉಳಿದ ಪೊಟರೆಯನ್ನು ಕಂಡವನು ಹಾರೆ ಕೆಳಗಿಟ್ಟು ಸುತ್ತಿಗೆ, ಉಳಿ ಹಿಡಿಯಬೇಕು. ಹರಳಿನ ಬದಿಗೆ ಏಟು ಬಿದ್ದರೆ ಕತೆ ಮುಗಿಯಿತು. ಸುತ್ತಲ ಕಲ್ಲಿಗೆ, ಸಾಕಷ್ಟು ದೂರದಿಂದ, ಸಣ್ಣ ಸಣ್ಣ ಏಟು ಕೊಡುತ್ತ ಇಡೀ ತುಂಡನ್ನು ಬಿಡಿಸಬೇಕು. ಆಮೇಲೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಪುಟ್ಟಿಗೆ ಹಾಕಬೇಕು. ಈ ಕೆಲಸ ಯಾವ ಕಾಲೇಜಿನಲ್ಲೂ ಹೇಳಿಕೊಡುವಂಥದ್ದಲ್ಲ. ಕಲ್ಲೊಡೆಯುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ವಡಾರರು, ಮರಾಠವಾಡದಿಂದಲೂ ನಮ್ಮ ಉತ್ತರದ ಜಿಲ್ಲೆಗಳಿಂದಲೂ ಪುಣೆಗೆ ಗುಳೆ ಹೋದ ಕೂಲಿಗಳು, ಟ್ರಕ್ಕಿಗೆ ಕಲ್ಲು ತುಂಬುವವರು: ಪುಣೆ ಸುತ್ತಲ ಕ್ವಾರಿಗಳಲ್ಲಿ ದುಡಿದವರು ಇಂಥವರೇ. ಯಾವ ಕಲ್ಲು ಟ್ರಕ್ಕಿಗೆ, ಯಾವುದು ವ್ಯಾಪಾರಿಯ ಕೈಗೆ ಎಂಬುದು ಮೊದಲು ನಿಶ್ಚಯವಾಗುವುದು ಇವರ ಕಣ್ಣಿನಲ್ಲಿ.

ಅಲ್ಲಿಂದ ಸ್ಥಳೀಯ ವ್ಯಾಪಾರಿ, ಅವನಿಂದ ಪುಣೆಯದೋ ಮುಂಬಯಿಯದೋ ರಫ್ತುದಾರ, ಅವನಿಂದ ಟೂಸಾನ್. 1955ರಲ್ಲಿ ಪುಟ್ಟದಾಗಿ ಶುರುವಾದ ಅಲ್ಲಿಯ ಮೇಳ ಇವತ್ತು ಈ ವ್ಯಾಪಾರದ ಜಾತ್ರೆ. ಪ್ರತಿ ಕೈ ದಾಟಿದಾಗಲೂ ಬೆಲೆ ಏರುತ್ತದೆ. ಉಂಡೆಯ ಗಾತ್ರ, ಬಣ್ಣದ ಗಾಢತೆ, ಬಿಳಿ ಹಾಸಿನ ಮೇಲೆ ಅದು ಕೂತಿರುವ ಜಾಗ, ಮುಕ್ಕಿಲ್ಲದಿರುವುದು: ಬೆಲೆ ಕಟ್ಟುವುದು ಇವುಗಳ ಮೇಲೆ. ಬೆಲೆ ಬಂದ ಕಡೆ ಮೋಸವೂ ಬಂತು. ಕಳಚಿಬಿದ್ದ ನೀಲಿ ಉಂಡೆಯನ್ನು ಚೆಂದದ ಸ್ಟಿಲ್‌ಬೈಟ್ ಹಾಸಿಗೆ ಅಂಟಿಸಿ ಮಾರುವವರಿದ್ದಾರೆ. ಓಕೆನೈಟ್ ಎಂಬ ಬಿಳಿ ಖನಿಜಕ್ಕೆ ಬಣ್ಣ ಕುಡಿಸಿ ನೀಲಿ ಮಾಡುವವರೂ ಇದ್ದಾರೆ. ಅನುಭವಿ ಸಂಗ್ರಾಹಕ ಉಂಡೆಯ ಬುಡವನ್ನು ಭೂತಗನ್ನಡಿಯಲ್ಲಿ ನೋಡುತ್ತಾನೆ. ಬಿಳಿ ಹರಳು ನೀಲಿಯನ್ನು ಚೂರಾದರೂ ಅಪ್ಪಿಕೊಂಡು ಬೆಳೆದಿದ್ದರೆ ನೆಮ್ಮದಿ. ಬುಡದಲ್ಲಿ ಗೋಂದಿನ ಹೊಳಪು ಕಂಡರೆ ವಾಪಸ್.

ವ್ಯಾಪಾರ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಭೂಮಿಯ ಒಡಲಿನದನ್ನು ತೆಗೆದು ಹಣವಂತರ ಕಪಾಟಿಗೆ ಸೇರಿಸುವುದು ಯಾವ ಘನಕಾರ್ಯ ಎಂದು ಕೇಳುತ್ತಾರೆ. ವಾಘೋಲಿಯ ಮಟ್ಟಿಗೆ ಉತ್ತರ ಸುಲಭ. ಆ ಬಂಡೆ ಹೇಗೂ ಒಡೆಯುವುದಿತ್ತು. ವ್ಯಾಪಾರಿ ಕಾಯದೆ ಇದ್ದಿದ್ದರೆ ನೀಲಿಯೆಲ್ಲ ಜಲ್ಲಿಯೊಂದಿಗೆ ಯಾವುದೋ ಕಟ್ಟಡದ ತಾರಸಿಗೆ ಸೇರಿರುತ್ತಿತ್ತು. ಹರಳಿಗೆ ಕೊಳ್ಳುವವನಿದ್ದಾನೆ ಎಂದು ಕ್ವಾರಿಯಲ್ಲಿ ತಿಳಿದ ಮೇಲೆಯೇ ಅದು ಉಳಿಯಿತು, ಉಳಿದ ಮೇಲೆಯೇ ವಿಜ್ಞಾನಕ್ಕೂ ಸಿಕ್ಕಿತು. ರುಸ್ತುಂ ಕೋಠಾವಾಲಾ 1991ರಲ್ಲಿ ‘ಮಿನರಾಲಾಜಿಕಲ್ ರೆಕಾರ್ಡ್’ ಪತ್ರಿಕೆಯಲ್ಲಿ ವಾಘೋಲಿಯ ಕ್ಯಾವನ್ಸೈಟ್ ನೆಲೆಯ ಬಗ್ಗೆ ಬರೆದಾಗ ಆ ಊರಿನ ಹೆಸರು ಖನಿಜಲೋಕದಲ್ಲಿ ನಿಂತಿತು. ಮುಂದೆ ಅದೇ ಕ್ವಾರಿಗಳ ಸರಕಿನಲ್ಲಿ ಸೂಜಿಯಂಥ, ಹೆಚ್ಚು ಬಿಡಿಬಿಡಿಯಾದ ನೀಲಿ ಹರಳುಗಳು ಕಾಣಿಸಿದವು. ಪರೀಕ್ಷಿಸಿದರೆ ಅವು ಪೆಂಟಗೊನೈಟ್. ಆರೆಗನ್‌ನ ಪ್ರಬಂಧದಲ್ಲಿ ಒಟ್ಟಿಗೆ ಹೆಸರು ಪಡೆದ ಎರಡೂ ಖನಿಜಗಳು ವಾಘೋಲಿಯಲ್ಲೂ ಒಟ್ಟಿಗೇ ಇದ್ದವು. ಅಲ್ಲಿ ಇವುಗಳ ದೊಡ್ಡ, ಶುದ್ಧ ಹರಳು ಸಿಕ್ಕಿದ್ದರಿಂದ ಪ್ರಯೋಗಾಲಯಗಳಲ್ಲಿ ಕಾಯಿಸಿ, ಯಾವ ಬಿಸಿಗೆ ಎಷ್ಟು ನೀರು ಬಿಡುತ್ತವೆ ಎಂದು ಅಳೆಯುವುದು ಸುಲಭವಾಯಿತು.

ಹಾಗಾದರೆ ಕ್ಯಾವನ್ಸೈಟನ್ನು ಕಂಡುಹಿಡಿದವರು ಯಾರು? ಪುಸ್ತಕದ ಉತ್ತರ ಆರೆಗನ್‌ನ ವಿಜ್ಞಾನಿಗಳದು, ಅದು ನ್ಯಾಯವೇ. ಹೊಸ ಖನಿಜ ಎಂದು ಸಾಬೀತು ಮಾಡುವುದು ಸಣ್ಣ ಕೆಲಸವಲ್ಲ. ಆದರೆ ಜಗತ್ತು ಬೆರಗಿನಿಂದ ನೋಡುವ ಕ್ಯಾವನ್ಸೈಟ್ ಸಿಕ್ಕಿದ್ದು ಜಲ್ಲಿಗೆಂದು ಬಂಡೆ ಒಡೆಯುತ್ತಿದ್ದ ಕೈಗಳಿಗೆ. ಆ ನೀಲಿಯನ್ನು ಮೊದಲ ಸಲ ಕಂಡು ಸುತ್ತಿಗೆ ತಡೆದವನ ಹೆಸರು ಸಂಗ್ರಾಹಕರು ಕಲ್ಲಿನ ಜೊತೆಗಿಡುವ ಯಾವ ಚೀಟಿಯಲ್ಲೂ ಇಲ್ಲ. ಖನಿಜಕ್ಕೆ ಮನುಷ್ಯರ ಹೆಸರಿಡುವ ವಾಡಿಕೆ ಈ ಲೋಕದಲ್ಲಿ ಹಳೆಯದು. ಕ್ಯಾವನ್ಸೈಟ್ ಕೂರುವ ಹ್ಯೂಲಂಡೈಟ್‌ಗೆ ಹೆಸರು ಬಂದದ್ದು ಹೆನ್ರಿ ಹ್ಯೂಲಂಡ್ ಎಂಬ ಖನಿಜ ವ್ಯಾಪಾರಿಯಿಂದ. ಮಾರಿದವನ ಹೆಸರು ಕಲ್ಲಿಗೆ ಅಂಟಿದ ಉದಾಹರಣೆ ಇದೆ, ಒಡೆದವನದು ಅಂಟಿದ್ದು ಕಾಣೆ.

ಆ ಹೆಸರನ್ನು ಈಗ ಹುಡುಕಿ ತರಲಾಗದು. ಆದರೆ ಮುಂದಿನದನ್ನು ಕಳೆಯದೆ ಇರುವುದು ನಮ್ಮ ಕೈಯಲ್ಲೇ ಇದೆ. ವಿಜಯಪುರ, ಕಲಬುರಗಿ ಕಡೆ ಬಾವಿ ತೋಡುವಾಗಲೋ ಕ್ವಾರಿಯಲ್ಲೋ ಹರಳು ತುಂಬಿದ ಪೊಟರೆ ಕಂಡರೆ ತುಂಡು ಮಾಡುವ ಮುನ್ನ ಫೋಟೊ ತೆಗೆದುಕೊಳ್ಳಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗದವರಿಗೆ ಒಮ್ಮೆ ತೋರಿಸಿ. ಸಂಗ್ರಹದ ಹುಚ್ಚಿದ್ದು ಕಲ್ಲು ಕೊಳ್ಳುವವರಾದರೆ ‘ಇಂಡಿಯಾ’ ಎಂದೋ ‘ಪುಣೆ’ ಎಂದೋ ಬರೆದ ಚೀಟಿಗೆ ತೃಪ್ತರಾಗಬೇಡಿ. ಯಾವ ಊರಿನ ಯಾವ ಕ್ವಾರಿ, ಯಾವ ವರ್ಷ, ಸಾಧ್ಯವಾದರೆ ತೆಗೆದವರು ಯಾರು ಎಂದು ಕೇಳಿ, ಬರೆದು ಕಲ್ಲಿನ ಜೊತೆಗೇ ಇಡಿ. ವಾಘೋಲಿಯ ಗುಡ್ಡಗಳ ಸುತ್ತ ಮನೆಗಳೆದ್ದಿವೆ, ಕ್ವಾರಿಗಳು ಮುಚ್ಚಿದ ಮೇಲೆ ಅಲ್ಲಿಂದ ಹೊಸದು ಬರುವುದಿಲ್ಲ. ಆಗ ಉಳಿಯುವುದು ಹೊರಬಂದಷ್ಟು ಕಲ್ಲು ಮತ್ತು ಅದರ ಜೊತೆಗಿನ ಚೀಟಿ ಮಾತ್ರ. ಚೀಟಿ ಕಳೆದ ಕ್ಯಾವನ್ಸೈಟ್ ಅಲಂಕಾರದ ಸಾಮಾನು; ಚೀಟಿ ಇರುವುದು ದಾಖಲೆ.