ತೇಲುವ ಹಿಮ ಕರಗಿದರೆ ನಷ್ಟವೇನು?

ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಅದರಲ್ಲಿ ಮಂಜುಗಡ್ಡೆಯ ಕೆಲವು ಚೂರುಗಳನ್ನು ತೇಲಿಬಿಡಿ. ನೀರಿನ ಮಟ್ಟವನ್ನು ಗುರುತು ಮಾಡಿ. ಗಡ್ಡೆ ಪೂರ್ತಿ ಕರಗಿದ ಮೇಲೆ ನೋಡಿದರೆ ಮಟ್ಟ ಏರಿರುವುದಿಲ್ಲ. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಲ್ಲಟಗೊಳಿಸುತ್ತದೆ ಎಂಬ ನಿಯಮವನ್ನು ನೀವು ಓದಿದ್ದೀರಿ.

ಉತ್ತರ ಧ್ರುವದ ಸುತ್ತ ಇರುವುದು ಆರ್ಕ್ಟಿಕ್ ಸಾಗರ. ಅದನ್ನು ಮುಚ್ಚಿರುವ ಹಿಮವೂ ಹೀಗೆ ತೇಲುವ ಹಿಮವೇ. ಅದು ಕರಗಿದರೂ ಸಮುದ್ರಮಟ್ಟ ಹೆಚ್ಚೇನೂ ಏರದು. ಹಾಗಿದ್ದರೆ ಚಿಂತೆ ಏಕೆ? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ಹಿಮದ ಬಣ್ಣವನ್ನು ಗಮನಿಸಬೇಕು.

ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಭಾಗವನ್ನು ಮೇಲ್ಮೈಯೊಂದು ಹಿಂದಿರುಗಿಸುತ್ತದೆ ಎಂಬುದನ್ನು ಆಲ್ಬೆಡೊ ಎನ್ನುತ್ತಾರೆ. ಸಮುದ್ರದ ಬರಿಯ ಹಿಮ ಶೇಕಡಾ 50ರಿಂದ 70ರಷ್ಟು ಬಿಸಿಲನ್ನು ಹಿಂದಿರುಗಿಸುತ್ತದೆ. ಅದರ ಮೇಲೆ ಹೊಸ ಮಂಜು ಬಿದ್ದಿದ್ದರೆ ಇದು ಶೇಕಡಾ 90ರವರೆಗೂ ಹೋಗಬಹುದು. ತೆರೆದ ಸಮುದ್ರ ಹಿಂದಿರುಗಿಸುವುದು ಶೇಕಡಾ 6ರಷ್ಟು ಮಾತ್ರ. ಉಳಿದದ್ದನ್ನು ಅದು ಹೀರಿಕೊಳ್ಳುತ್ತದೆ. ಹಿಮ ಕರಗಿದಲ್ಲಿ ಕಪ್ಪು ನೀರು ಕಾಣಿಸಿಕೊಳ್ಳುತ್ತದೆ. ನೀರು ಬಿಸಿಯಾಗಿ ಇನ್ನಷ್ಟು ಹಿಮವನ್ನು ಕರಗಿಸುತ್ತದೆ. ಹೀಗೆ ಪರಿಣಾಮವೇ ಕಾರಣವನ್ನು ಬಲಪಡಿಸುವುದಕ್ಕೆ ಧನಾತ್ಮಕ ಹಿಮ್ಮಾಹಿತಿ ಎಂದು ಹೆಸರು.

ಇನ್ನೊಂದು ಲೆಕ್ಕವನ್ನೂ ಮಾಡೋಣ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1 ಗ್ರಾಂ ಹಿಮ ಕರಗಲು 334 ಜೂಲ್ ಶಾಖ ಬೇಕು. ಕರಗಿ ಮುಗಿಯುವವರೆಗೆ ಅದರ ಉಷ್ಣತೆ ಏರುವುದಿಲ್ಲ. ಅಷ್ಟೇ ಶಾಖವನ್ನು 1 ಗ್ರಾಂ ನೀರಿಗೆ ಕೊಟ್ಟರೆ ಅದರ ಉಷ್ಣತೆ 0 ಡಿಗ್ರಿಯಿಂದ ಸುಮಾರು 80 ಡಿಗ್ರಿಗೆ ಏರುತ್ತದೆ! ಹಿಮ ಇರುವವರೆಗೆ ಗುಪ್ತೋಷ್ಣವಾಗಿ ಖರ್ಚಾಗುತ್ತಿದ್ದ ಶಾಖ, ಹಿಮ ಮುಗಿದೊಡನೆ ನೀರನ್ನು ಕಾಯಿಸಲು ತೊಡಗುತ್ತದೆ. ಬೇಸಿಗೆಯಲ್ಲಿ ಹೀಗೆ ಕೂಡಿಟ್ಟ ಶಾಖವನ್ನು ಸಾಗರವು ಶರತ್ಕಾಲ ಮತ್ತು ಚಳಿಗಾಲದಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ.

ಉಪಗ್ರಹಗಳ ಅಳತೆ ಏನು ಹೇಳುತ್ತದೆ? 1979ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಹಿಮದ ಹರವು ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇತ್ತು. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು. 1979ರಿಂದೀಚೆಗೆ ಆರ್ಕ್ಟಿಕ್ ವಲಯವು ಭೂಮಿಯ ಸರಾಸರಿಗಿಂತ ಮೂರು–ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ.

ಈ ಬಿಸಿ ಧ್ರುವದಲ್ಲೇ ಉಳಿಯುವುದಿಲ್ಲ. ಗ್ರೀನ್‌ಲ್ಯಾಂಡಿನ ಹಿಮ ತೇಲುವ ಹಿಮವಲ್ಲ, ನೆಲದ ಮೇಲಿನದು. ಅದು ಕರಗಿದ ನೀರು ಸಮುದ್ರಮಟ್ಟವನ್ನು ಏರಿಸುತ್ತದೆ. ಪೂರ್ತಿ ಕರಗಿದರೆ ಸುಮಾರು 7 ಮೀಟರ್. ಅದಕ್ಕೆ ಶತಮಾನಗಳೇ ಬೇಕಾದರೂ, ಅದರ ಸಣ್ಣ ಪಾಲೂ ನಮ್ಮ ಕರಾವಳಿಯನ್ನು ತಟ್ಟುತ್ತದೆ. ಆ ಸಿಹಿನೀರು ಉತ್ತರ ಅಟ್ಲಾಂಟಿಕ್‌ನ ಉಪ್ಪುನೀರಿನ ಸಾಂದ್ರತೆಯನ್ನು ತಗ್ಗಿಸುತ್ತದೆ. ಸಾಂದ್ರ ನೀರು ತಳಕ್ಕಿಳಿಯುವುದರಿಂದ ಸಾಗುವ ಸಾಗರ ಪ್ರವಾಹ ಇದರಿಂದ ದುರ್ಬಲವಾಗಬಹುದು. ಧ್ರುವ ಮತ್ತು ಸಮಭಾಜಕದ ನಡುವಿನ ಉಷ್ಣತೆಯ ವ್ಯತ್ಯಾಸವೇ ಎತ್ತರದ ವೇಗದ ಗಾಳಿಗಳ ಮೂಲ. ಆ ವ್ಯತ್ಯಾಸ ಕುಗ್ಗಿದಾಗ ಗಾಳಿಯ ಹಾದಿ ಎಷ್ಟು ಬದಲಾಗುತ್ತದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆದಿದೆ. ಇದಲ್ಲದೆ, ಉತ್ತರದ ಹೆಪ್ಪುಗಟ್ಟಿದ ನೆಲದಲ್ಲಿ ವಾಯುಮಂಡಲದಲ್ಲಿ ಇರುವುದರ ಸುಮಾರು ಎರಡು ಪಟ್ಟು ಇಂಗಾಲ ಹುದುಗಿದೆ. ನೆಲ ಕರಗಿದರೆ ಅದರಲ್ಲಿ ಒಂದಷ್ಟು ಕಾರ್ಬನ್ ಡೈಆಕ್ಸೈಡ್ ಮತ್ತು ಮೀಥೇನ್ ಆಗಿ ಹೊರಬರುತ್ತದೆ.

ಭಾರತವೂ ಈ ಬದಲಾವಣೆಗಳ ಅಧ್ಯಯನಕ್ಕಾಗಿ 2008ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ‘ಹಿಮಾದ್ರಿ’ ಕೇಂದ್ರವನ್ನು ತೆರೆಯಿತು.

ಶಿಕ್ಷಕರು ಶಾಲೆಯಲ್ಲೇ ಮಾಡಿಸಬಹುದಾದ ಪ್ರಯೋಗವೊಂದಿದೆ. ಒಂದೇ ಅಳತೆಯ ಎರಡು ಡಬ್ಬಗಳಲ್ಲಿ ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಕಪ್ಪು ಬಣ್ಣ ಬಳಿಯಿರಿ. ಸಮನಾಗಿ ನೀರು ತುಂಬಿ ಮುಚ್ಚಿ ಬಿಸಿಲಲ್ಲಿಡಿ. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದು ನಕ್ಷೆ ಎಳೆಯಿರಿ. ಎರಡು ಗೆರೆಗಳ ನಡುವೆ ಬೆಳೆಯುವ ಅಂತರವನ್ನು ಕಂಡ ವಿದ್ಯಾರ್ಥಿಗೆ, ಧ್ರುವದ ಬಿಳುಪು ನಮಗೇಕೆ ಬೇಕು ಎಂಬುದನ್ನು ಬೇರೆ ಹೇಳಬೇಕಾಗುವುದಿಲ್ಲ.